ನೋಡಿ ಬಂದವರು ಮಾತಾಡಲಿ ಬಿಡಿ, ಮೇಷ್ಟ್ರೇ

ಪತ್ರ: ನಿಮ್ಮ ಪತ್ರಿಕೆಯ ‘ನೋಡಿ ಬಂದವರು’ ಪುಟಗಳನ್ನು ಮೊದಲಿನಿಂದ ಓದುತ್ತಿದ್ದೇನೆ. ಈಚೆಗೆ ನೋಡಿದ ಸಿನಿಮಾ ಬಗ್ಗೆ ಯಾರು ಬೇಕಾದರೂ ಬರೆಯಬಹುದು ಅಂದಿದ್ದೀರಿ. ಬರೆಯುವವರಲ್ಲಿ ಸಿನಿಮಾ ಬಗ್ಗೆ ಓದಿಕೊಂಡವರು ಯಾರೂ ಕಾಣುವುದಿಲ್ಲ. ಒಬ್ಬರು ಹೊಗಳಿದ್ದನ್ನು ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ತೆಗಳುತ್ತಾರೆ. ಕೆಲವರು ಕಥೆಯ ಕೊನೆಯನ್ನೂ ಹೇಳಿಬಿಡುತ್ತಾರೆ. ಕ್ಯಾಮೆರಾ, ಸಂಕಲನ ಬಲ್ಲ ಒಬ್ಬ ವಿಮರ್ಶಕರಿಂದ ಒಂದು ಪುಟ ಬರೆಸಿ. ಉಳಿದದ್ದನ್ನು ನಿಲ್ಲಿಸಿ.
— ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು

ಮೇಷ್ಟ್ರೇ, ನಮಸ್ಕಾರ.

ಕೊಲೆ ಮಾಡಿದವನು ಯಾರು ಅಂತ ಮೊದಲ ಸಾಲಿನಲ್ಲೇ ಹೇಳುವ ಪತ್ರಗಳು ಬರುತ್ತವೆ, ನಿಜ. ಅಂಥ ಸಾಲಿಗೆ ಇನ್ನು ಮುಂದೆ ಕತ್ತರಿ ಬೀಳುತ್ತದೆ. ಓದಿಕೊಂಡ ವಿಮರ್ಶಕರು ಬೇಕು ಅನ್ನುವುದೂ ಸರಿಯೇ. ಆದರೆ ಪುಟವನ್ನೇ ನಿಲ್ಲಿಸಿ ಅಂದಿರಲ್ಲ, ಅದು ಮನಸ್ಸಿಗೆ ನಾಟಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೂಡಿಗೆರೆ ಕಡೆಯ ಒಬ್ಬ ಹೆಣ್ಣುಮಗಳ ಪತ್ರ ಹಾಕಿದ್ದೆವು, ನೆನಪಿದೆಯಾ? ತೋಟದ ಕೆಲಸಕ್ಕೆ ಹೋಗುವವರು. ಮಗಳ ಮೊಬೈಲಿನಲ್ಲಿ ನೋಡಿದ ಸಿನಿಮಾ ಬಗ್ಗೆ ಬರೆದಿದ್ದರು. ಅದರಲ್ಲಿ ನಾಯಕಿ ಧೋ ಅಂತ ಸುರಿಯುವ ಮಳೆಯಲ್ಲಿ, ಬಣ್ಣದ ಕೊಡೆ ಪಕ್ಕಕ್ಕಿಟ್ಟು, ಕೆಂಪು ಕಾಫಿ ಹಣ್ಣು ಕುಯ್ಯುತ್ತಾಳೆ. ಆಷಾಢದ ಮಳೇಲಿ ಹಣ್ಣು ಎಲ್ಲಿಂದ ಬಂತು ಅಂತ ಅವರ ಪ್ರಶ್ನೆ. ಬೇಸಿಗೆಯಲ್ಲಿ ಹೂ ಮಳೆ ಬಿದ್ದು ಗಿಡ ಹೂ ಬಿಡಬೇಕು. ಮುಂಗಾರಿನಲ್ಲಿ ಇನ್ನೂ ಹಸಿರು ಕಾಯಿ. ಅರೇಬಿಕಾ ಕುಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಇನ್ನೂ ತಡ. ಕುಯ್ಲಿನ ಕಾಲದಲ್ಲಿ ಮಳೆ ಬಂದರೆ ಕಣದಲ್ಲಿ ಹರಡಿದ್ದು ಒದ್ದೆಯಾಗುತ್ತೆ ಅಂತ ಎಲ್ಲರೂ ಟಾರ್ಪಾಲು ಹಿಡಿದು ಓಡುತ್ತಾರೆ, ಹಾಡು ಯಾರಿಗೆ ಬರುತ್ತೆ ಅಂತಲೂ ಕೇಳಿದ್ದರು. ಕೊನೆಯಲ್ಲಿ ಒಂದು ಸಾಲು: ‘ಅವಳ ಕೈ ನೋಡಿ, ಒಂದು ಗೀರೂ ಇಲ್ಲ.’

ಇದೇ ದೃಶ್ಯವನ್ನು ಬಲ್ಲವರೊಬ್ಬರು ‘ಕಣ್ಣಿಗೆ ಹಬ್ಬ’ ಅಂತ ಬರೆದಿದ್ದನ್ನು ನಾನು ಓದಿದ್ದೇನೆ. ಬೆಳಕು, ಬಣ್ಣ, ಕ್ಯಾಮೆರಾ ಎಲ್ಲದರ ಬಗ್ಗೆಯೂ ಇತ್ತು. ಕೈಯ ಬಗ್ಗೆ ಇರಲಿಲ್ಲ. ತೋಟದಲ್ಲಿ ಜನ ದುಡಿಯುತ್ತಾರೆ ಅನ್ನುವುದೇ ಆ ಸಿನಿಮಾಕ್ಕೆ ಗೊತ್ತಿಲ್ಲ ಅಂತ ಕಂಡುಹಿಡಿದದ್ದು ದುಡಿಯುವವರೇ. ಈ ಪತ್ರ ನಮ್ಮಲ್ಲಿ ಬರದಿದ್ದರೆ ಇನ್ನೆಲ್ಲಿ ಬರುತ್ತಿತ್ತು ಹೇಳಿ.

ನಾನು ಹಾಸನದಲ್ಲಿ ಕಾಲೇಜು ಓದುವಾಗ, ಸೆಕೆಂಡ್ ಶೋ ಬಿಡುವ ಹೊತ್ತಿಗೆ ಬೇಲೂರು, ಆಲೂರು ಕಡೆಯ ಬಸ್ಸುಗಳು ಹೋಗಿಬಿಟ್ಟಿರುತ್ತಿದ್ದವು. ಹಳ್ಳಿಯಿಂದ ಬಂದವರು ಬೆಳಗಿನ ಬಸ್ಸಿನವರೆಗೆ ಬಸ್ ಸ್ಟ್ಯಾಂಡಿನಲ್ಲೇ ಕೂರಬೇಕು. ಅವರ ಮಾತು ಕೇಳಲೆಂದೇ ನಾವು ಹಾಸ್ಟೆಲ್ ಹುಡುಗರು ಟೀ ಅಂಗಡಿ ಹತ್ತಿರ ನಿಲ್ಲುತ್ತಿದ್ದೆವು. ಒಂದು ರಾತ್ರಿ ಹಳೇ ಕೋಟು ಹಾಕಿದ ಅಜ್ಜ ಒಬ್ಬರು ಶುರು ಮಾಡಿದರು. ‘ಅಪ್ಪನ ಹೆಣ ಇನ್ನೂ ಮನೇಲೈತೆ, ಇವ್ನು ಕಾಫಿ ಲೋಟ ಹಿಡ್ಕಂಡು ಕುಂತವ್ನೆ. ಹೆಣ ಎತ್ತೋಗಂಟ ಆ ಮನೇಲಿ ಒಲೆ ಹಚ್ಚಿದ್ದು ಯಾರು?’ ಇನ್ನೊಬ್ಬ ಬಿಡಲಿಲ್ಲ. ‘ಪಕ್ಕದ್ಮನೆಯೋರು ತಂದ್ಕೊಟ್ಟಿರ್ತಾರೆ ಕಣಜ್ಜ.’ ಅಜ್ಜ ಹೇಳಿದರು: ‘ಹಂಗಾದ್ರೆ ಆ ಪಕ್ಕದ್ಮನೆಯೋರ್ನ ತೋರಿಸ್ಬೇಕಾಗಿತ್ತು. ಸಾವಿನ ಮನೇಗೆ ಒಬ್ರೂ ಬರ್ನಿಲ್ವಲ್ಲ ಆ ಪಿಚ್ಚರ್ನಾಗೆ.’

ಆ ಸಿನಿಮಾದ ಊರು ಯಾಕೆ ಸುಳ್ಳು ಅನ್ನಿಸುತ್ತಿತ್ತು ಅಂತ ನನಗೆ ಹೊಳೆದದ್ದು ಆವಾಗ. ಆಮೇಲೆ ಎಷ್ಟೋ ಪುಸ್ತಕ ಓದಿದೆ. ಅದಕ್ಕಿಂತ ಒಳ್ಳೆ ಪಾಠ ಸಿಕ್ಕಿದ್ದು ಕಡಿಮೆ.

ನಮ್ಮ ಜನಕ್ಕೆ ಸಿನಿಮಾ ತಿಳಿಯಲ್ಲ ಅನ್ನುವವರಿಗೆ ನಾನು ಯಾವಾಗಲೂ ಹೆಗ್ಗೋಡಿನ ಕಥೆ ಹೇಳುತ್ತೇನೆ. ರಂಗಕರ್ಮಿ ಕೆ.ವಿ. ಸುಬ್ಬಣ್ಣ 1973ರಲ್ಲಿ ಅಲ್ಲಿ ಒಳ್ಳೆಯ ಸಿನಿಮಾ ತೋರಿಸುವ ನೀನಾಸಮ್ ಚಿತ್ರಸಮಾಜ ಶುರು ಮಾಡಿದರು. ಅಡಿಕೆ ತೋಟದ ಸಣ್ಣ ಹಳ್ಳಿ ಅದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅಲ್ಲಿಗೆ ಬಂದು ಸಿನಿಮಾ ನೋಡುವುದರ ಬಗ್ಗೆ ತರಗತಿ ನಡೆಸಿದರು. ಸತ್ಯಜಿತ್ ರಾಯ್, ಕುರೋಸಾವಾ ಅವರ ಸಿನಿಮಾಗಳನ್ನು ರೈತರು, ಕೂಲಿಯವರು ಕೂತು ನೋಡಿದರು. ಕಥೆಯನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕಾಯಿತು, ಉಳಿದದ್ದು ಅವರಿಗೇ ತಿಳಿಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜನರ ಮೇಲೆ ಅವರು ಇಟ್ಟ ನಂಬಿಕೆಗೆ ಬಂದದ್ದು ಅಂತಲೇ ನಾನು ಭಾವಿಸಿದ್ದೇನೆ.

ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ ಅಂದಿರಿ. ತೆಗಳಲಿ ಬಿಡಿ ಮೇಷ್ಟ್ರೇ! ಬಲ್ಲವರೇನು ಒಂದೇ ಮಾತು ಹೇಳುತ್ತಾರಾ? ನಿಮ್ಮ ಜಿಲ್ಲೆಯ ಶೃಂಗೇರಿ ಹತ್ತಿರವೇ ಚಿತ್ರೀಕರಣವಾದ ‘ಸಂಸ್ಕಾರ’ವನ್ನೇ ನೋಡಿ. ಜನ ಇದನ್ನು ನೋಡಬಾರದು ಅಂತ ಸೆನ್ಸಾರ್ ಮಂಡಳಿ ತಡೆಯಿತು. ಆಮೇಲೆ ಅದಕ್ಕೇ 1970ರ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಸಲ. ತಡೆದವರೂ ತಿಳಿದವರೇ, ಪ್ರಶಸ್ತಿ ಕೊಟ್ಟವರೂ ತಿಳಿದವರೇ.

ಮೂಡಿಗೆರೆಯ ತೇಜಸ್ವಿಯವರ ಕಥೆಯೊಂದು 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಅಂತ ಸಿನಿಮಾ ಆಯಿತಲ್ಲ, ಅದಕ್ಕೆ ದುಡ್ಡು ಹಾಕಿದವರು ಅವರ ಓದುಗರು. ಓದಿದವರು, ನೋಡುವವರು ಸುಮ್ನೆ ಕೂತಿದ್ದರೆ ಆ ಸಿನಿಮಾ ತೆರೆಗೆ ಬರುತ್ತಲೇ ಇರಲಿಲ್ಲ.

ನಿಜವಾಗಿ ನನಗೆ ಸಂಕಟವಾಗುವುದು ಬೇರೆ ಕಡೆ. ಈಗ ಸಿನಿಮಾ ನೋಡಿ ಬಂದ ಹುಡುಗರನ್ನು ಮಾತಾಡಿಸಿ. ಮೊದಲ ದಿನ ಎಷ್ಟು ಕೋಟಿ, ವಾರಕ್ಕೆ ಎಷ್ಟು ಕೋಟಿ, ಯಾರ ದಾಖಲೆ ಮುರಿಯಿತು. ಕಥೆ ಬಗ್ಗೆ ಒಂದು ಮಾತಿಲ್ಲ. ನಿರ್ಮಾಪಕರ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಇವರು ಯಾಕೆ ಬಾಯಿಪಾಠ ಮಾಡಬೇಕು? ಅವರಿಗೆ ಬುದ್ಧಿ ಕಡಿಮೆ ಅಂತ ನಾನು ಹೇಳಲಾರೆ. ಐದು ನಕ್ಷತ್ರದಲ್ಲಿ ಎಷ್ಟು ಕೊಡ್ತೀರಿ ಅಂತ ಬಿಟ್ಟರೆ ಬೇರೆ ಏನನ್ನೂ ಅವರನ್ನು ಯಾರೂ ಕೇಳಿಲ್ಲ.

ಕೇಳುವುದು ಹೋಗಲಿ, ಬಾಯಿ ಮುಚ್ಚಿಸುವ ಮಾತೂ ಬಂದಿದೆ. 2024ರಲ್ಲಿ ಕೇರಳ ಹೈಕೋರ್ಟಿಗೆ ನೆರವಾಗಲು ನೇಮಕವಾಗಿದ್ದ ವಕೀಲರು ಒಂದು ವರದಿ ಕೊಟ್ಟರು. ಬಿಡುಗಡೆಯಾದ 48 ಗಂಟೆಗಳ ತನಕ ವ್ಲಾಗರ್‌ಗಳು, ಅಂದರೆ ಇಂಟರ್‌ನೆಟ್ಟಿನಲ್ಲಿ ವಿಡಿಯೊ ಹಾಕುವವರು, ವಿಮರ್ಶೆ ಮಾಡಬಾರದು ಅಂತ ಅದರಲ್ಲಿ ಸಲಹೆ ಇತ್ತು. ದುಡ್ಡಿಗೆ ಬೈಯುವವರು, ದುಡ್ಡಿಗೆ ಹೊಗಳುವವರು ಇದ್ದಾರೆ, ಅವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಜೇಬಿನಿಂದ ಟಿಕೆಟ್ ಕೊಂಡು ಶುಕ್ರವಾರ ನೋಡಿದವನು ಭಾನುವಾರದ ತನಕ ಸುಮ್ಮನಿರಬೇಕು ಅಂದರೆ ಹೇಗೆ? ಟಿಕೆಟ್ ಏನು ಅಗ್ಗವಾ? 2025ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಒಂದು ಮನೆಯ ನಾಲ್ಕು ಜನ ಸಿನಿಮಾಗೆ ಹೋಗಿ ಬಂದರೆ ಕೂಲಿಯವರ ಎರಡು ದಿನದ ದುಡಿಮೆ ಹೋಗುತ್ತದೆ. ಅಷ್ಟು ಕೊಟ್ಟವರಿಗೆ ಮಾತಾಡುವ ಹಕ್ಕೂ ಬೇಡವಾ?

ಮಾತಾಡುವ ಜಾಗಗಳೂ ಹೋದವು. ನಮ್ಮ ಎರಡೂ ಜಿಲ್ಲೆಗಳಲ್ಲಿ ಹಳೇ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಜೊತೆ ಎದುರಿನ ಟೀ ಅಂಗಡಿಯೂ ಹೋಯಿತು. ಈಗ ಒಬ್ಬೊಬ್ಬರೇ ಮಲಗುವ ಕೋಣೆಯಲ್ಲಿ ಮೊಬೈಲ್ ಹಿಡಿದು ನೋಡುತ್ತಾರೆ. ಮುಗಿದ ಐದು ಸೆಕೆಂಡಿಗೆ ಇನ್ನೊಂದು ಶುರುವಾಗುತ್ತದೆ. ಈಗ ನೋಡಿದ್ದು ಹೇಗಿತ್ತು ಅಂತ ಯೋಚಿಸಲೂ ಪುರುಸೊತ್ತಿಲ್ಲ. ಅದಕ್ಕೇ ಆ ಎರಡು ಪುಟ. ಜಾಹೀರಾತು ಜಾಸ್ತಿ ಬಂದ ತಿಂಗಳಲ್ಲೂ ಅದನ್ನು ನಾನು ಬಿಟ್ಟುಕೊಟ್ಟಿಲ್ಲ.

ನಿಮ್ಮ ಪತ್ರದ ಅಡಿಯಲ್ಲಿದ್ದ ಒಂದು ಟಿಪ್ಪಣಿಯನ್ನು ಮೇಲೆ ಅಚ್ಚು ಹಾಕಿಲ್ಲ. ಮೊಮ್ಮಗನ ಜೊತೆ ಒಂದು ಸಿನಿಮಾಗೆ ಹೋಗಿದ್ದಿರಂತೆ. ಅದರಲ್ಲಿ ಬರುವ ಮೇಷ್ಟ್ರ ಪಾತ್ರ ನೋಡಿ ಸಿಟ್ಟು ಬಂದು ಇಂಟರ್‌ವಲ್‌ನಲ್ಲೇ ಎದ್ದು ಬಂದಿರಂತೆ. ಜೀವಮಾನವಿಡೀ ಪಾಠ ಮಾಡಿದವರು ನೀವು. ಯಾವ ಮಾತಿಗೆ ಸಿಟ್ಟು ಬಂತು? ತರಗತಿಯಲ್ಲಿ ಏನು ತಪ್ಪು ಕಂಡಿತು? ಮುನ್ನೂರು ಪದದಲ್ಲಿ ಬರೆದು ಈ ತಿಂಗಳ 20ರೊಳಗೆ ಕಳಿಸಿ. ಮೊಮ್ಮಗನಿಗೆ ಆ ಪಾತ್ರ ಇಷ್ಟವಾಗಿದ್ದರೆ ಅವನೂ ಬರೆಯಲಿ. ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ.

— ಸಂಪಾದಕ