ಹೊಸ ಹುಡುಗರಿಂದ ರಿಚ್ಮಂಡ್ ಮೇಲೇಳುತ್ತಾ?

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (AFL) ರಿಚ್ಮಂಡ್ ಕ್ಲಬ್‌ಗೆ 2024ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಬಂದವರನ್ನು ನೋಡಿ 2025ರಲ್ಲೇ ಫೈನಲ್ಸ್ (ಸೀಸನ್ ಕೊನೆಗೆ ಮೇಲಿನ ತಂಡಗಳು ಕಪ್‌ಗಾಗಿ ಆಡುವ ಪಂದ್ಯಗಳು) ಸಿಗುತ್ತಾ ಅಂತ ಕೇಳಿದ್ದೀರಿ. ಈ ಆಸೆಗೆ ಕಾರಣ 2017 ಇರಬೇಕು: ಹಿಂದಿನ ವರ್ಷ 13ನೇ ಸ್ಥಾನ, ಮರುವರ್ಷ ಕಪ್. ಆದರೆ ಆಗ ಬಂದ ಪ್ರೆಸ್ಟಿಯಾ, ಕ್ಯಾಡಿ, ನ್ಯಾಂಕರ್ವಿಸ್ ಮೂವರೂ ಬೇರೆ ಕ್ಲಬ್‌ಗಳಲ್ಲಿ ಆಡಿ ಬಂದವರು. 2024ರ ಡ್ರಾಫ್ಟ್‌ನಲ್ಲಿ ಬಂದ ಸ್ಯಾಮ್ ಲೇಲರ್ ಮತ್ತು ಜೊತೆಯವರು ಆಗಿನ್ನೂ ಹದಿನೆಂಟರ ಆಸುಪಾಸಿನ ಹುಡುಗರು.

ಮೊದಲು ಬಿಟ್ಟುಹೋದವರನ್ನು ಲೆಕ್ಕ ಹಾಕಿ: ಬೋಲ್ಟನ್, ರಿಯೋಲಿ, ಬೇಕರ್, ಗ್ರಹಾಂ ಬೇರೆ ಕ್ಲಬ್‌ಗಳಿಗೆ ಹೋದರು; ಡಸ್ಟಿನ್ ಮಾರ್ಟಿನ್ ನಿವೃತ್ತ. ಆ ಜಾಗಕ್ಕೆ ಯಾರು ಅಂತ ಒಬ್ಬೊಬ್ಬರಿಗೂ ಎದುರು ಹೆಸರು ಬರೆಯಿರಿ. ಬರೆಯಲಾಗದ ಜಾಗಗಳೇ ನಿಮಗೆ ಅರ್ಧ ಉತ್ತರ.

ಆಮೇಲೆ 2025ರ ಮೊದಲ ನಾಲ್ಕೈದು ಪಂದ್ಯಗಳ ಕೊನೆಯ ಕ್ವಾರ್ಟರ್ ನೋಡಿ. ಸೆಂಟರ್ ಬೌನ್ಸ್‌ನಲ್ಲಿ (ಮೈದಾನದ ಮಧ್ಯದಲ್ಲಿ ಚೆಂಡು ಪುಟಿಸಿ ಆಟ ಶುರುಮಾಡುವಾಗ) ಹುಡುಗರನ್ನು ನಿಲ್ಲಿಸುತ್ತಾರಾ? ಟ್ಯಾಕಲ್ ತಿಂದ ಮೇಲೂ ಎದ್ದು ಮುಂದಿನ ಚೆಂಡಿಗೆ ಓಡುತ್ತಾರಾ? ಸ್ಕೋರ್‌ಗಿಂತ ನಾನು ಇದನ್ನೇ ನಂಬುತ್ತೇನೆ. ಗಾಯದ ಮಾತು ಯಾರೂ ಮುಂಚೆ ಹೇಳಲಾರರು.

ನನ್ನ ಅಂದಾಜು: 2025ಕ್ಕೆ ಫೈನಲ್ಸ್ ಕಷ್ಟ. ಒಳ್ಳೆ ರೂಪ ಕಾಣಲು ಎರಡು ಮೂರು ಸೀಸನ್ ಬೇಕು. 2025ರಲ್ಲಿ ಗೆಲುವು ಎಣಿಸಬೇಡಿ, ಲೇಲರ್‌ನ ಆಟ ನೋಡಿ.