ಅವ್ವನ ಮರೆವಿಗೆ ಲೋಹ ತೆಗೆಯುವ ಡ್ರಿಪ್ ಹಾಕಿಸಬೇಕಾ?

ವಿಜಯಪುರದ ಕ್ಲಿನಿಕ್‌ನವರು ನಿಮ್ಮ ಅವ್ವನ ಆಲ್‌ಝೈಮರ್‌ಗೆ ಹೇಳಿರುವ ‘ಲೋಹ ತೆಗೆಯುವ ಡ್ರಿಪ್’ ಬಹುಶಃ ಇಡಿಟಿಎ. ಅದು ಸೀಸದ ವಿಷ ಏರಿದವರಿಗೆ ಕೊಡುವ ಔಷಧಿ. ಇಡಿಟಿಎಯಲ್ಲೇ ತಪ್ಪು ಬಗೆಯದು ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಜೀವಕ್ಕೇ ಅಪಾಯ. ಮೊದಲು ಅದನ್ನು ನಿಲ್ಲಿಸಿ. ಒಂದು ಬಾಟಲಿ ಆಗಿದೆ ಎಂದಿದ್ದೀರಿ. ಕೈಕಾಲು ಸೆಳೆತ, ಎದೆ ಡವಡವ ಇದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ.

ಈ ರೋಗದಲ್ಲಿ ಮಿದುಳಿನಲ್ಲಿ ಕಟ್ಟುವ ಪ್ರೋಟೀನ್ ಗಂಟುಗಳಲ್ಲಿ ತಾಮ್ರ, ಸತು, ಕಬ್ಬಿಣ ಸೇರುವುದು ನಿಜ. ಅದು ಕಾರಣವೋ ಪರಿಣಾಮವೋ, ಇನ್ನೂ ಇತ್ಯರ್ಥವಾಗಿಲ್ಲ. ಕಬ್ಬಿಣ ಹಿಡಿಯುವ ಡೆಫೆರಿಪ್ರೋನ್ ಮಾತ್ರೆಯನ್ನು ಆಸ್ಟ್ರೇಲಿಯಾದಲ್ಲಿ 12 ತಿಂಗಳು ಕೊಟ್ಟು ನೋಡಿದರು. ಕಬ್ಬಿಣವೇನೋ ಇಳಿಯಿತು, ಬುದ್ಧಿಶಕ್ತಿ ಮಾತ್ರ ಇನ್ನೂ ಬೇಗ ಕುಸಿಯಿತು!

ಆಮೇಲೆ ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಮಾಡಿಸಿ. ನಮ್ಮ ಅಪ್ಪನ ಮರೆವಿನಲ್ಲಿ ಬಿ12 ಕೊರತೆಯ ಪಾಲೂ ಇತ್ತು. ರಿಪೋರ್ಟ್, ಈಗಿನ ಮಾತ್ರೆ ಚೀಟಿ ಎರಡನ್ನೂ ಹಿಡಿದು ನರರೋಗ ತಜ್ಞರಿಗೆ ತೋರಿಸಿ. ಅಲ್ಯೂಮಿನಿಯಂನಿಂದ ಮರೆವು ಬರುತ್ತದೆಂಬ ಮಾತಿಗೆ ಹೆದರಿ ಪಾತ್ರೆಗಳನ್ನು ಸುಮ್ನೆ ಎಸೆಯಬೇಡಿ.