ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ವೈನ್ ದ್ರಾಕ್ಷಿ ಬೆಳೆಯಬಹುದೇ?

ನಂದಿಬೆಟ್ಟದ ತಪ್ಪಲಲ್ಲಿ ಎರಡೆಕರೆ ಇದೆ, ಮನೆಮಂದಿಯೇ ತೋಟ ಮಾಡಬೇಕೆಂದಿದ್ದೇವೆ ಎಂದು ಕೇಳಿದ್ದೀರಿ. ಧೈರ್ಯವಾಗಿ ಮಾಡಿ.

ಇಲ್ಲಿನ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯ ಗಟ್ಟಿ ಕಲ್ಲು) ಬಂಡೆಗಳು ಸವೆದು ಆದದ್ದು. ಮರಳು ಬೆರೆತಿರುವುದರಿಂದ ನೀರು ನಿಲ್ಲದೆ ಬಸಿಯುತ್ತದೆ. ದ್ರಾಕ್ಷಿ ಬೇರಿಗೆ ಬೇಕಾದದ್ದೇ ಅದು. ಸಾರ ಕಡಿಮೆಯೆಂದು ಕೊರಗಬೇಡಿ. ಕೊಬ್ಬಿದ ಮಣ್ಣಲ್ಲಿ ಬಳ್ಳಿ ಬರೀ ಸೊಪ್ಪಾಗುತ್ತದೆ, ಬಡ ಮಣ್ಣಲ್ಲಿ ಕಾಯಿ ಸಣ್ಣದಾದರೂ ರುಚಿ, ಬಣ್ಣ ಗಟ್ಟಿ. ಕೆರೆಯ ಪಕ್ಕದ ಜೇಡಿಮಣ್ಣಾಗಿದ್ದರೆ ನಾನೇ ಬೇಡವೆನ್ನುತ್ತಿದ್ದೆ.

ಸುಮಾರು 900 ಮೀಟರ್ ಎತ್ತರದ ತಂಪು ರಾತ್ರಿಗಳು ಹಣ್ಣಿನ ಹುಳಿ ಉಳಿಸುತ್ತವೆ. ಅಕ್ಟೋಬರ್ ಹೊತ್ತಿಗೆ ಬಳ್ಳಿ ಸವರಿದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು.

ಬೆಂಗಳೂರು ಬ್ಲೂ ದ್ರಾಕ್ಷಿ ತಳಿ ಸಿಹಿ ವೈನಿಗೆ ಸರಿ. ಒಣ, ಅಂದರೆ ಸಿಹಿಯಿಲ್ಲದ, ಕೆಂಪು ವೈನಿಗೆ ಶಿರಾಜ್ ತಳಿ ಹಾಕಿ. ಸಸಿ ತರುವ ಮುನ್ನ ಮೂರಡಿ ಗುಂಡಿ ತೋಡಿ, ನೀರು ತುಂಬಿ, ಎಷ್ಟು ಬೇಗ ಇಂಗುತ್ತದೆ ನೋಡಿ.